ಶಿಫ್ಟ್ ಐದು ಸಲ ಒತ್ತಿ ನೋಡಿ

ಕಂಪ್ಯೂಟರಲ್ಲಿ ಗೇಮ್ ಆಡುವ ಮಕ್ಕಳಿಗೆ ಇದು ಗೊತ್ತು. ಶಿಫ್ಟ್ ಕೀಯನ್ನು ಬೇಗಬೇಗ ಐದು ಸಲ ಒತ್ತಿದರೆ ಸದ್ದಾಗಿ ಒಂದು ಪೆಟ್ಟಿಗೆ ತೆರೆಯುತ್ತದೆ. ‘ಸ್ಟಿಕಿ ಕೀಸ್ ಆನ್ ಮಾಡಬೇಕಾ?’ ಅಂತ ಕೇಳುತ್ತದೆ. ‘ಇದೊಂದು ತಲೆನೋವು’ ಅಂತ ‘ನೋ’ ಒತ್ತಿ ಮುಚ್ಚುತ್ತೇವೆ. ಕೆಲವರು ಮತ್ತೆಂದೂ ಬಾರದ ಹಾಗೆ ಸೆಟ್ಟಿಂಗನ್ನೇ ತೆಗೆದುಬಿಡುತ್ತಾರೆ. ಆದರೆ ಒಂದು ಕೈ ಮಾತ್ರ ಆಡುವವರಿಗೆ ಅದು ಇನ್ನೊಂದು ಕೈ ಇದ್ದ ಹಾಗೆ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆ ಸಿಗುತ್ತದೆ. ಆ ಊರಿನ ಒಬ್ಬ ಹುಡುಗ, ಒಂದು ಕೈ ಸ್ವಾಧೀನವಿಲ್ಲದವನು, ಅರ್ಜಿ ಟೈಪ್ ಮಾಡಿಕೊಡುವ ಕೆಲಸಕ್ಕೆ ಕೂತಿದ್ದಾನೆ ಅಂತಿಟ್ಟುಕೊಳ್ಳಿ. ನುಡಿ ತಂತ್ರಾಂಶದಲ್ಲಿ ‘ಕಾಮಗೆರೆ’ ಬರೆಯಲು ಶಿಫ್ಟ್ ಒಂದು ಸಲ ಬೇಕು. ‘ಕೊಳ್ಳೇಗಾಲ’ಕ್ಕೆ ನಾಲ್ಕು ಸಲ: ಎರಡು ‘ಳ’ಕಾರಕ್ಕೆ, ಎರಡು ದೀರ್ಘಕ್ಕೆ. ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಕೀಬೋರ್ಡಿಗೆ ಚೆಂದವಾಗಿ ಹೊಂದಿಸಿಕೊಟ್ಟವರು ನಮ್ಮ ಕರಾವಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಆ ವಿನ್ಯಾಸದಲ್ಲಿ ಮಹಾಪ್ರಾಣ, ದೀರ್ಘ, ‘ಣ’, ‘ಳ’ ಎಲ್ಲ ಶಿಫ್ಟ್ ಜೊತೆಗೇ ಬರುತ್ತವೆ. ಎರಡು ಕೈ ಇದ್ದವರಿಗೆ ಇದು ಸಲೀಸು. ಇಲ್ಲದವರು ಪ್ರತಿ ಸಾಲಿನಲ್ಲೂ ತಡವರಿಸಬೇಕು.

ಸ್ಟಿಕಿ ಕೀಸ್ ಆನ್ ಆದರೆ ಶಿಫ್ಟನ್ನು ಹಿಡಿದಿಟ್ಟುಕೊಳ್ಳಬೇಕಿಲ್ಲ. ಒಮ್ಮೆ ಒತ್ತಿ ಬಿಡಿ, ಆಮೇಲೆ ಅಕ್ಷರ ಒತ್ತಿ, ಸಾಕು. ಕಂಟ್ರೋಲ್, ಆಲ್ಟ್ ಕೀಗಳಿಗೂ ಇದೇ ಕ್ರಮ. ಒಂದೇ ಬೆರಳಲ್ಲಿ ಪೂರ್ತಿ ಪತ್ರ ಬರೆಯಬಹುದು. ಎರಡು ಕೀ ಒಟ್ಟಿಗೆ ಒತ್ತಿದರೆ ಇದು ಆಫ್ ಆಗಿಬಿಡುವುದುಂಟು. ಹಾಗಾಗದಂತೆ ಸೆಟ್ಟಿಂಗಲ್ಲೇ ತಡೆಯಬಹುದು.

ಕೈ ನಡುಗುವವರದು ಬೇರೆ ಕಷ್ಟ. ಒಂದು ‘ಕ’ ಒತ್ತಲು ಹೋದರೆ ನಾಲ್ಕು ‘ಕ’ ಬೀಳುತ್ತವೆ. ಅವರಿಗೆ ಇರುವುದು ಫಿಲ್ಟರ್ ಕೀಸ್. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ಅದು ಬರುತ್ತದೆ. ತಪ್ಪಿ ತಗುಲಿದ, ಮತ್ತೆಮತ್ತೆ ಬಡಿದ ಒತ್ತುಗಳನ್ನು ಕಂಪ್ಯೂಟರ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಎಂಬ ದಾರಿಯಲ್ಲಿ ಹೋದರೆ ಎರಡೂ ಸಿಗುತ್ತವೆ. ಕೀ ಒತ್ತಲೇ ಆಗದವರು ವಿಂಡೋಸ್, ಕಂಟ್ರೋಲ್, ‘ಓ’ ಮೂರನ್ನೂ ಬೇರೆಯವರಿಂದ ಒಟ್ಟಿಗೆ ಒತ್ತಿಸಿದರೆ ಪರದೆಯ ಮೇಲೇ ಕೀಬೋರ್ಡ್ ಮೂಡುತ್ತದೆ, ಮೌಸಿನಿಂದ ಬರೆಯಬಹುದು.

ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಸೆಂಟರ್‌ನಲ್ಲಿ ಅಂಗವಿಕಲರಿಗಾಗಿ ಬೆಳೆದ ಸ್ಟಿಕಿ ಕೀಸ್, ಫಿಲ್ಟರ್ ಕೀಸ್ ವಿಂಡೋಸ್ 95ರ ಕಾಲದಿಂದ ಕಂಪ್ಯೂಟರಿನ ಒಳಗೇ ಇವೆ. ನಮಗೆ ಹೇಳಿಕೊಟ್ಟವರಿಲ್ಲ, ಅಷ್ಟೆ.

ಪಾರ್ಶ್ವವಾಯು ಬಡಿದು ಅಂಗಡಿಯ ಲೆಕ್ಕ ಬಿಟ್ಟ ಉಪ್ಪ, ಅಪಘಾತದಲ್ಲಿ ಕೈ ಕಳೆದುಕೊಂಡು ಗಲ್ಫಿನಿಂದ ವಾಪಸಾದ ತಮ್ಮ, ಹುಟ್ಟಿನಿಂದಲೇ ಬೆರಳು ಬಿಗಿದ ಮಗಳು ನಿಮ್ಮ ಮನೆಯಲ್ಲಿದ್ದರೆ, ‘ಇನ್ನು ಆಗಲ್ಲ’ ಅನ್ನುವ ಮೊದಲು ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ. ಶಿಫ್ಟ್ ಐದು ಸಲ ಒತ್ತಿ. ಈ ಸಲ ‘ಎಸ್’ ಅನ್ನಿ. ಸೈಬರ್ ಅಂಗಡಿ ನಡೆಸುವವರೂ ಆ ಸೆಟ್ಟಿಂಗನ್ನು ತೆಗೆದುಹಾಕದೆ ಹಾಗೇ ಇರಲು ಬಿಡಿ. ನಾಳೆ ಬರುವ ಗಿರಾಕಿಗೆ ಅದು ಬೇಕಾದೀತು.