ಕ್ಯಾಲೆಂಡರ್ ಮೇಲಿನ ಆ ವಚನ ಯಾರಿಗೆ ಬರೆದದ್ದು?

ಯೆರೆಮೀಯ 29:11.
ಕ್ಯಾಲೆಂಡರ್ ಮೇಲೆ, ವಾಟ್ಸಾಪ್ ಸ್ಟೇಟಸ್‌ನಲ್ಲಿ ನೋಡಿರ್ತೀರಿ.
ದೇವರ ಯೋಜನೆ ನಿಮ್ಮ ಒಳ್ಳೇದಕ್ಕೇ ಅನ್ನೋ ವಚನ.
ಅದು ಮೊದಲು ಯಾರ ಕೈಗೆ ಸೇರಿತು, ಗೊತ್ತಾ?

ಸೆರೆಯಾಳುಗಳ ಕೈಗೆ.

ಕ್ರಿಸ್ತಪೂರ್ವ 597.
ಬಾಬೆಲಿನ ರಾಜ ನೆಬೂಕದ್ನೆಚ್ಚರ
ಯೆರೂಸಲೇಮಿನ ಜನರನ್ನು ಹಿಡಿದು ಒಯ್ದ.

ಎರಡೇ ವರ್ಷ, ಎಲ್ಲ ಸರಿಹೋಗುತ್ತೆ ಅಂದ
ಹನನ್ಯ ಅನ್ನೋ ಪ್ರವಾದಿ.
ಜನಕ್ಕೆ ಬೇಕಾಗಿದ್ದೂ ಅದೇ.

ಆದ್ರೆ ಪ್ರವಾದಿ ಯೆರೆಮೀಯ ಆ ಸೆರೆಯಾಳುಗಳಿಗೆ ಪತ್ರ ಬರೆದ: 70 ವರ್ಷ.
ಅಂದ್ರೆ, ಪತ್ರ ಓದಿದ ಹೆಚ್ಚಿನವರು
ತಮ್ಮೂರನ್ನು ಮತ್ತೆ ನೋಡೋದಿಲ್ಲ.

ಹಾಗಾದ್ರೆ ಅಲ್ಲಿವರೆಗೆ?
ಮನೆ ಕಟ್ಕೊಳ್ಳಿ ಅಂತಾನೆ.
ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ ಅಂತಾನೆ.
ಸೆರೆಯಾಗಿ ಬಂದ ಊರಿಗಾಗಿಯೇ ಪ್ರಾರ್ಥಿಸಿ ಅಂತಾನೆ!

ಇದನ್ನೆಲ್ಲ ಬಿಟ್ಟು ಅದೇ ಪತ್ರದಲ್ಲಿರೋ 11ನೇ ವಚನ ಮಾತ್ರ ಹಿಡ್ಕೊಳ್ಳೋದು,
ಬಸ್ಸಿನ ಬೋರ್ಡಲ್ಲಿ ಊರಿನ ಹೆಸರು ಓದಿ,
ಹೊರಡೋ ಟೈಮ್ ಕೇಳದೇ ಹತ್ತಿ ಕೂತ ಹಾಗೆ.

ಸರಿ, ಆ ಜನರ ದುಃಖ ಎಲ್ಲಿ ಹೋಯ್ತು?
137ನೇ ಕೀರ್ತನೆಗೆ.
ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿ,
ಬಾಬೆಲಿನ ನದಿ ದಡದಲ್ಲಿ ಅತ್ತವರ ಹಾಡು ಅದು.

ಕೊನೆಯಲ್ಲಿರೋ ಸಿಟ್ಟಂತೂ ಎಷ್ಟು ಕ್ರೂರ ಅಂದ್ರೆ,
ಎಷ್ಟೋ ಸಭೆಗಳಲ್ಲಿ ಓದದೇ ದಾಟಿಬಿಡ್ತಾರೆ.
ನನ್ನ ಕೇಳಿದ್ರೆ, ದಾಟಬಾರದು.
ಅಂಥ ಸಿಟ್ಟನ್ನೂ ದೇವರ ಮುಂದೆ ಇಡಬಹುದು
ಅನ್ನೋದಕ್ಕೆ ಆ ಕೀರ್ತನೆಯೇ ಸಾಕ್ಷಿ.

ಕೆಲಸ ಸಿಗದೇ, ಕಾಯಿಲೆ ವಾಸಿಯಾಗದೇ
ಕಾಯ್ತಿರೋರು ನಿಮ್ಮ ಪರಿಚಯದಲ್ಲಿ ಇದ್ದಾರಾ?
ಬರೀ 11ನೇ ವಚನ ಫಾರ್ವರ್ಡ್ ಮಾಡ್ಬೇಡಿ.
ಹೋಗಿ ಅವರ ಜೊತೆ ಕೂತು, ಇಡೀ ಪತ್ರ ಓದಿ.
ಆಮೇಲೆ ಆ ಕೀರ್ತನೆಯನ್ನೂ ಓದಿ, ಕೊನೆಯ ಸಾಲಿನವರೆಗೆ.