ಕಣ್ಣಿನ ಮೆಲನೋಮ: ಹಂತ ಗುರುತಿಸುವುದು ಹೇಗೆ?

ಪ್ರಶ್ನೆ: ಕಣ್ಣಿನೊಳಗೂ ಮೆಲನೋಮ ಕ್ಯಾನ್ಸರ್ ಬರುತ್ತದಂತೆ. ಅದು ಯಾವ ಹಂತದಲ್ಲಿದೆ ಎಂದು ತಿಳಿಯಲು ಕಣ್ಣು ಕೊಯ್ಯಲೇಬೇಕೆ?

ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ವೈದ್ಯರು ಒಳಗೆ ನೋಡುತ್ತಾರೆ. ಆಮೇಲೆ ಮುಚ್ಚಿದ ರೆಪ್ಪೆಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡುತ್ತಾರೆ. ಪರದೆಯ ಮೇಲೆ ಗಡ್ಡೆ ಕೆಲವೊಮ್ಮೆ ಥೇಟ್ ಅಣಬೆಯ ಹಾಗೆ ಕಾಣುತ್ತದೆ. ಅದರ ಬುಡದ ಅಗಲ, ದಪ್ಪ ಎರಡನ್ನೂ ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಬುಡ 12 ಮಿ.ಮೀ., ದಪ್ಪ 3 ಮಿ.ಮೀ. ಮೀರದಿದ್ದರೆ ಅದು ಅತಿ ಚಿಕ್ಕ ಗುಂಪು, 'ಟಿ1'. ಗಾತ್ರದ ಇಂಥ ಗುಂಪುಗಳು ಒಟ್ಟು ನಾಲ್ಕು. (ಐರಿಸ್‌ನ ಮೆಲನೋಮಕ್ಕೆ ಲೆಕ್ಕವೇ ಬೇರೆ.)

ಗಾತ್ರವೊಂದೇ ಸಾಲದು. ಗಡ್ಡೆ ಕಣ್ಣಿನ ಮುಂಭಾಗದ ಸಿಲಿಯರಿ ಬಾಡಿ ಎಂಬ ಭಾಗಕ್ಕೆ ಹಬ್ಬಿದೆಯೇ, ಕಣ್ಣುಗುಡ್ಡೆಯ ಬಿಳಿ ಗೋಡೆ ದಾಟಿ ಹೊರಬಂದಿದೆಯೇ ಎಂಬುದೂ ಸೇರಿ 1ರಿಂದ 3ರವರೆಗಿನ ಹಂತ ನಿರ್ಧಾರವಾಗುತ್ತದೆ. ದೂರದ ಅಂಗಕ್ಕೆ ಹರಡಿದ್ದರೆ, ಗಡ್ಡೆ ಎಷ್ಟೇ ಚಿಕ್ಕದಿರಲಿ, ಅದು 4ನೇ ಹಂತ.

ಕಣ್ಣುಗುಡ್ಡೆಯ ಒಳಗೆ ದುಗ್ಧನಾಳಗಳಿಲ್ಲ. ಹಾಗಾಗಿ ಈ ಕ್ಯಾನ್ಸರ್ ರಕ್ತದ ಮೂಲಕವೇ ಹರಡುತ್ತದೆ, ಹೆಚ್ಚಾಗಿ ಯಕೃತ್ತಿಗೆ. ಕಣ್ಣಿನ ಕಾಯಿಲೆಗೆ ಹೊಟ್ಟೆಯ ಸ್ಕ್ಯಾನ್ ಏಕೆಂದು ಗಾಬರಿಯಾಗುವವರಿಗೆ ಇದೇ ಉತ್ತರ. ಗಡ್ಡೆಯ ಜೀವಕೋಶಗಳು 3ನೇ ಕ್ರೋಮೋಸೋಮ್‌ನ ಒಂದು ಪ್ರತಿಯನ್ನು ಕಳೆದುಕೊಂಡಿದ್ದರೆ ಹರಡುವ ಅಪಾಯ ಹೆಚ್ಚು. ನನ್ನ ಮಟ್ಟಿಗೆ, ರೋಗಿಗಳು ಹಂತದ ಸಂಖ್ಯೆಯ ಜೊತೆ ಈ ಕ್ರೋಮೋಸೋಮ್ ಪರೀಕ್ಷೆಯ ಬಗ್ಗೆಯೂ ಕೇಳಲೇಬೇಕು.

ಆರಂಭದಲ್ಲಿ ಯಾವ ಲಕ್ಷಣವೂ ಕಾಣದಿರಬಹುದು. ಕನ್ನಡಕದ ನಂಬರ್ ನೋಡಿಸಲು ಹೋದಾಗ, ಪಾಪೆ ಹಿಗ್ಗಿಸಿ ಒಳಗನ್ನೂ ಪರೀಕ್ಷಿಸುವಂತೆ ದಯವಿಟ್ಟು ಕೇಳಿ.