ಮಧುರ್ ಜಾಫ್ರಿ: ನಟಿ ಬರೆದ ಅಡುಗೆ

ಇಂಗ್ಲೆಂಡ್, ಅಮೆರಿಕದ ಜನಕ್ಕೆ ಮಧುರ್ ಜಾಫ್ರಿ ಎಂದೊಡನೆ ನೆನಪಾಗುವುದು ಅಡುಗೆ ಪುಸ್ತಕ. ನಟನೆಯ ಮಾತು ಆಮೇಲೆ. ಆದರೆ ಅವರ ಅಡುಗೆ ಬರಹವನ್ನು ರೂಪಿಸಿದ್ದೇ ಅವರೊಳಗಿನ ನಟಿ ಎಂಬುದು ನನ್ನ ವಾದ. 1933ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಮಧುರ್, ಐವತ್ತರ ದಶಕದಲ್ಲಿ ಲಂಡನ್ನಿಗೆ ಹೋದದ್ದು ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲಿ ನಟನೆ ಕಲಿಯಲು. ಆಗ ಅವರಿಗೆ ಅಡುಗೆ ಬರುತ್ತಲೇ ಇರಲಿಲ್ಲ. ಮುಂದೆ ನ್ಯೂಯಾರ್ಕಿನಲ್ಲಿ ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್ ಮತ್ತು ನಿರ್ದೇಶಕ ಜೇಮ್ಸ್ ಐವರಿ ಪರಸ್ಪರ ಪರಿಚಯವಾಗಲು ಮಧುರ್ ಕೂಡ ಕಾರಣರಾದರು. ಆ ಜೋಡಿಯ 'ಷೇಕ್ಸ್‌ಪಿಯರ್ ವಾಲಾ' ಚಿತ್ರದಲ್ಲಿ ಬೊಂಬಾಯಿಯ ಸಿನಿಮಾ ತಾರೆ ಮಂಜುಳಾ ಆಗಿ ನಟಿಸಿ, 1965ರ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಗೆದ್ದರು. ಅಷ್ಟು ದೊಡ್ಡ ಗೌರವ ಪಡೆದವರ ಮನೆಬಾಗಿಲಿಗೆ ಅವಕಾಶಗಳು ಬರಬೇಕಿತ್ತು. ಬರಲಿಲ್ಲ. ಅಂದಿನ ಅಮೆರಿಕದ ಸಿನಿಮಾ, ರಂಗಭೂಮಿಗಳಲ್ಲಿ ಭಾರತೀಯ ಹೆಣ್ಣಿಗೆಂದು ಬರೆದ ಪಾತ್ರಗಳೇ ತೀರ ಅಪರೂಪ. ಹೊಟ್ಟೆಪಾಡಿಗೆ ಅವರು ಪತ್ರಿಕೆಗಳಿಗೆ ಬರೆಯತೊಡಗಿದರು.

ಅಡುಗೆ ಕಲಿತದ್ದು ಲಂಡನ್ನಿನ ದಿನಗಳಲ್ಲಿ, ತಾಯಿ ಹಿಂದಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸಿದ ಕಾಗದಗಳಿಂದ. ಹಾಗಾದರೆ ಇದು ತಾಯಿಯ ಕೈರುಚಿಯೇ ಹೊರತು ನಟನೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ರುಚಿ ತಾಯಿಯದೇ. ಆದರೆ ಕಣ್ಣಳತೆಯಲ್ಲಿ ಉಪ್ಪು ಖಾರ ಹಾಕಿ ಬೆಳೆದವರಿಗೆ ಅರ್ಥವಾಗುವ ಅಡುಗೆಯನ್ನು, ಇಂಗಿನ ವಾಸನೆಯನ್ನೇ ಕಾಣದ ಓದುಗರಿಗೆ ದಾಟಿಸುವುದು ಬೇರೆಯೇ ವಿದ್ಯೆ. ಎಷ್ಟು ಚಮಚ, ಎಷ್ಟು ಉರಿ, ಈರುಳ್ಳಿ ಯಾವ ಬಣ್ಣಕ್ಕೆ ತಿರುಗುವ ತನಕ ಬಾಡಿಸಬೇಕು ಎಂದು ಪ್ರತಿ ಹೆಜ್ಜೆಯನ್ನೂ ಎದುರಿಗಿರುವವರ ಕಣ್ಣಿಗೆ ಕಟ್ಟಬೇಕು. ಪ್ರೇಕ್ಷಕರಿಗೆ ಏನು ಗೊತ್ತಿಲ್ಲ ಎಂಬ ಈ ಎಚ್ಚರ ನಟರಿಗೆ ಮೈಗೂಡಿರುತ್ತದೆ. 1973ರ ಅವರ ಪುಸ್ತಕ 'ಆನ್ ಇನ್ವಿಟೇಷನ್ ಟು ಇಂಡಿಯನ್ ಕುಕಿಂಗ್' ಗೆದ್ದದ್ದು ಹೀಗೆ. ಇಡೀ ದೇಶದ ಅಡುಗೆಯನ್ನು 'ಕರಿ' ಎಂಬ ಒಂದೇ ಹೆಸರಿಗೆ, ಒಂದೇ ಡಬ್ಬಿ ಪುಡಿಗೆ ಇಳಿಸುವುದು ಅವಮಾನ ಎಂದು ಅದರಲ್ಲಿ ಅವರು ಖಡಾಖಂಡಿತವಾಗಿ ಬರೆದರು. 1982ರಲ್ಲಿ ಬಿಬಿಸಿ ಟಿವಿಯಲ್ಲಿ ಅವರ ಅಡುಗೆ ಕಾರ್ಯಕ್ರಮ ಬಂದಾಗ ಕ್ಯಾಮೆರಾ ಮುಂದೆ ನಿಂತಿದ್ದವರು ತರಬೇತಾದ ನಟಿ. ಮಾತಿನ ಲಯ, ಕೈಯ ಚಲನೆ, ಎಲ್ಲಿ ತಡೆದು ನಿಲ್ಲಬೇಕೆಂಬ ಅರಿವು, ಎಲ್ಲವೂ ಆ ಕಸುಬಿನದೇ.

ಕಲಾವಿದೆಯೊಬ್ಬರನ್ನು ಕಡೆಗೂ ಅಡುಗೆಮನೆಗೇ ತಳ್ಳಿದಂತಾಯಿತಲ್ಲ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಚಿತ್ರರಂಗ ಅವರಿಗೆ ಮಾಡಿದ್ದು ಅನ್ಯಾಯವೇ. ಪುಸ್ತಕಗಳು ಗೆದ್ದವೆಂದು ಅದು ನ್ಯಾಯವಾಗುವುದಿಲ್ಲ. ನಾವು ಕಳೆದುಕೊಂಡದ್ದು ಏನೆಂದು ತಿಳಿಯಲು 1975ರ 'ಆಟೊಬಯಾಗ್ರಫಿ ಆಫ್ ಎ ಪ್ರಿನ್ಸೆಸ್' ನೋಡಬೇಕು. ಒಂದು ಗಂಟೆಯಷ್ಟರ ಚಿತ್ರ. ಲಂಡನ್ನಿನ ಫ್ಲಾಟಿನಲ್ಲಿ ರಾಜಕುಮಾರಿಯೊಬ್ಬಳು ತಂದೆಯ ಹಳೆಯ ಇಂಗ್ಲಿಷ್ ಸಹಾಯಕನಿಗೆ ಚಹಾ ಕೊಟ್ಟು, ಅರಮನೆ ಕಾಲದ ರೀಲುಗಳನ್ನು ಓಡಿಸುತ್ತ ಮಾತಾಡುತ್ತಾಳೆ, ಅಷ್ಟೇ. ಎದುರಿಗೆ ಜೇಮ್ಸ್ ಮೇಸನ್‌ನಂಥ ನಟ. ಅಪ್ಪನ ಬಗ್ಗೆ ಅವಳ ಹೆಮ್ಮೆ ಏರಿದಷ್ಟೂ ಅವಳ ಒಂಟಿತನ ಬಯಲಾಗುತ್ತದೆ. ಅದನ್ನು ಮಧುರ್ ಬಹುಪಾಲು ದನಿಯಲ್ಲೇ ಸಾಧಿಸುತ್ತಾರೆ. ಇಂಥ ಪಾತ್ರಗಳು ಅವರಿಗೆ ಇನ್ನಷ್ಟು ಸಿಗಬೇಕಿತ್ತು. ಹಾಗೆಂದು ಅವರು ನಟನೆ ಬಿಟ್ಟವರಲ್ಲ: 'ಹೀಟ್ ಆ್ಯಂಡ್ ಡಸ್ಟ್'ನಲ್ಲಿ ಬೇಗಂ ಆದರು, 2019ರಲ್ಲಿ ಎಂಬತ್ತೈದು ದಾಟಿದ ಮೇಲೂ ರ‍್ಯಾಪ್ ವಿಡಿಯೊ ಒಂದರಲ್ಲಿ ಗತ್ತಿನ ಅಜ್ಜಿಯಾದರು. ಬ್ರಿಟನ್ 2004ರಲ್ಲಿ ಅವರಿಗೆ ಗೌರವ ಸಿಬಿಇ ಕೊಟ್ಟಾಗ ಸಿನಿಮಾ, ಟಿವಿ, ಅಡುಗೆ ಮೂರನ್ನೂ ಒಟ್ಟಿಗೆ ಹೆಸರಿಸಿತು. 2022ರಲ್ಲಿ ನಮ್ಮ ಸರ್ಕಾರ ಪದ್ಮಭೂಷಣ ಕೊಟ್ಟದ್ದು ಪಾಕಕಲೆಯ ಹೆಸರಿನಲ್ಲಿ. ಮೂರನ್ನೂ ಕೂಡಿಸಿ ಹೇಳಿದ ಬ್ರಿಟನ್ನಿನ ಲೆಕ್ಕವೇ ಸರಿ ಎಂದು ನನಗನ್ನಿಸುತ್ತದೆ.